ಸಬ್‌ಟೈಟಲ್ ಬೇರೆಯೇ ಇರಲಿ

ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯ ಎಷ್ಟೋ ಮನೆಗಳಲ್ಲಿ ಟಿ.ವಿ. ಇಟ್ಟ ಶೋಕೇಸಿನ ಕೆಳಗಿನ ಖಾನೆ ಒಂದು ಪುಟ್ಟ ಚಿತ್ರಭಂಡಾರವೇ ಆಗಿದೆ. ಮದುವೆ, ಗೃಹಪ್ರವೇಶಗಳ ಡಿವಿಡಿ, ಒಂದು ಕಾಲಕ್ಕೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡ ಹಳೆಯ ಸಿನಿಮಾಗಳ ವಿಸಿಡಿ, ಮೊಬೈಲಿನಿಂದ ತುಂಬಿಸಿಕೊಂಡ ಪೆನ್‌ಡ್ರೈವ್, ಎಲ್ಲವನ್ನೂ ಒಂದೆಡೆ ಸೇರಿಸೋಣವೆಂದು ತಂದ ಹಾರ್ಡ್ ಡಿಸ್ಕ್ ಅಲ್ಲಿರುತ್ತವೆ. ನೋಡುವವರೂ ಒಂದೇ ಬಗೆಯವರಲ್ಲ. ಕಿವಿ ಮಂದವಾದ ಅಜ್ಜಿ ಇದ್ದಾರೆ, ಮಾತು ಅರ್ಥವಾದರೂ ಅಕ್ಷರ ಓದಲು ಬಾರದ, ಪರದೇಶದಲ್ಲಿ ಬೆಳೆದ ಮೊಮ್ಮಗಳಿದ್ದಾಳೆ, ಬೇರೆ ಭಾಷೆಯ ಮನೆಯಿಂದ ಬಂದ ಸೊಸೆ ಇದ್ದಾಳೆ, ಈಗಷ್ಟೇ ಕಾಗುಣಿತ ಮುಗಿಸಿದ ಮಗುವೂ ಇದೆ. ಇವರೆಲ್ಲ ಒಟ್ಟಿಗೆ ಕೂತು ನೋಡಬೇಕಾದರೆ ಪರದೆಯ ಕೆಳಗೆ ಮಾತಿನ ಸಾಲು ಬೇಕು. ಆ ಸಾಲನ್ನು ಚಿತ್ರದಲ್ಲಿ ಬೆರೆಸಿಬಿಡಬಾರದು, ಅದು ಸ್ವತಂತ್ರವಾದ ಪಠ್ಯವಾಗಿ, ಯಾವಾಗ ಬೇಕಾದರೂ ತೆಗೆಯಲು, ತಿದ್ದಲು, ಹುಡುಕಲು ಬರುವಂತೆ ಉಳಿಯಬೇಕು ಎಂಬುದು ಈ ಲೇಖನದ ವಾದ. ತಾಂತ್ರಿಕ ಸಂಗತಿಯಂತೆ ಕಾಣುವ ಈ ಆಯ್ಕೆ, ಮನೆಯ ಮಾತಿನಲ್ಲಿ ಎಷ್ಟು ಮುಂದಿನವರಿಗೆ ದಾಟುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ.

ನೋಡಲು ಒಂದೇ ತರಹ ಇರುವ ಸಬ್‌ಟೈಟಲ್ ಫೈಲಿನೊಳಗೆ ಮೂರು ಬಗೆಯಲ್ಲಿ ಇರಬಹುದು. ಮೊದಲನೆಯದು ಚಿತ್ರದಲ್ಲೇ ಬೆರೆತದ್ದು. ವಿಸಿಡಿಗೆ ಇದೊಂದೇ ದಾರಿಯಿತ್ತು; ಅದರಲ್ಲಿ ಸಬ್‌ಟೈಟಲ್‌ಗೆಂದು ಬೇರೆ ಜಾಗವಿರಲಿಲ್ಲ. 352×288 ಚುಕ್ಕಿಗಳ ಆ ಸಣ್ಣ ಚಿತ್ರದ ಮೇಲೆ ಕೂತ ಅಕ್ಷರವನ್ನು ಇವತ್ತಿನ ದೊಡ್ಡ ಟಿ.ವಿ.ಯಲ್ಲಿ ನೋಡಿದರೆ ಒತ್ತಕ್ಷರವೆಲ್ಲ ಕಲಸಿಹೋಗಿರುತ್ತದೆ. ಎರಡನೆಯದು ಡಿವಿಡಿಯ ಬಗೆ. ಅಲ್ಲಿ ಸಬ್‌ಟೈಟಲ್‌ಗೆ ಬೇರೆ ಟ್ರ್ಯಾಕ್ ಇದೆ, ಒಂದು ಡಿಸ್ಕಿನಲ್ಲಿ 32 ಟ್ರ್ಯಾಕ್‌ಗಳವರೆಗೆ ಇಡಬಹುದು, ರಿಮೋಟಿನಲ್ಲಿ ತೆಗೆದು ಹಾಕಬಹುದು. ಆದರೆ ಆ ಟ್ರ್ಯಾಕಿನಲ್ಲಿರುವುದು ಅಕ್ಷರಗಳಲ್ಲ, ಒಂದೊಂದು ಮಾತಿಗೂ ಬರೆದಿಟ್ಟ ನಾಲ್ಕು ಬಣ್ಣದ ಪುಟ್ಟ ಚಿತ್ರಗಳು. ಬ್ಲೂ-ರೇ ಡಿಸ್ಕಿನದೂ ಇದೇ ಪದ್ಧತಿ, ಚಿತ್ರ ಮಾತ್ರ ಇನ್ನಷ್ಟು ನಯ. ಮೂರನೆಯದು ಅಪ್ಪಟ ಪಠ್ಯ. ಎಸ್‌ಆರ್‌ಟಿ ಎಂಬ ಹೆಸರಿನ ಇಂಥ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅದರ ಗುಟ್ಟೆಲ್ಲ ಕಣ್ಣಿಗೆ ಬೀಳುತ್ತದೆ: ಒಂದು ಸಾಲಿನಲ್ಲಿ 412 ಎಂಬ ಕ್ರಮಸಂಖ್ಯೆ, ಅದರ ಕೆಳಗೆ 00:31:07,200 --> 00:31:09,800 ಎಂಬ ಕಾಲ, ಅದರ ಕೆಳಗೆ ‘ಊಟ ಆಯ್ತಾ ಅಣ್ಣ?’ ಎಂಬ ಮಾತು, ಆಮೇಲೆ ಒಂದು ಖಾಲಿ ಸಾಲು. ಅಲ್ಪವಿರಾಮದ ನಂತರದ ಮೂರು ಅಂಕಿ ಸೆಕೆಂಡಿನ ಸಾವಿರದ ಪಾಲು. ಅಷ್ಟೇ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಇಂಥ ಸಾವಿರದೈನೂರು ಮಾತುಗಳಿದ್ದರೂ ಕನ್ನಡದಲ್ಲಿ ಅದು ಸುಮಾರು 200 ಕಿಲೋಬೈಟ್ ಆದೀತು. 4.7 ಗಿಗಾಬೈಟಿನ ಒಂದು ಡಿವಿಡಿಯ ಇಪ್ಪತ್ತು ಸಾವಿರದಲ್ಲಿ ಒಂದು ಪಾಲೂ ಅದಿಲ್ಲ. ಈ ಎಸ್‌ಆರ್‌ಟಿ ಎಂಬ ಹೆಸರು ಬಂದದ್ದು ಸಬ್‌ರಿಪ್ ಎಂಬ ತಂತ್ರಾಂಶದಿಂದ. ಡಿವಿಡಿಯ ಆ ಪುಟ್ಟ ಚಿತ್ರಗಳನ್ನು ಓದಿ ಪಠ್ಯ ಮಾಡಿಕೊಡುವುದೇ ಅದರ ಕೆಲಸವಾಗಿತ್ತು.

ಚಿತ್ರವಾಗಿರುವ ಬರಹಕ್ಕೂ ಪಠ್ಯವಾದ ಬರಹಕ್ಕೂ ಇರುವ ಅಂತರ ಹಾಸನ ಸೀಮೆಯವರಿಗೆ ಹೊಸದಾಗಬೇಕಿಲ್ಲ. ಬಿ.ಎಲ್. ರೈಸ್ 1902ರಲ್ಲಿ ಈ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಹೊರತಂದರು. ಬೇಲೂರು ಚೆನ್ನಕೇಶವ ದೇವಾಲಯದ 1117ರ ಪ್ರತಿಷ್ಠೆಯನ್ನು ಹೇಳುವ ಶಾಸನವೂ ಅರಸೀಕೆರೆ ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ. ಶಾಸನ ಓದುವವರು ಮೊದಲು ಮಾಡುವ ಕೆಲಸ ಅಚ್ಚು ತೆಗೆಯುವುದು: ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕಲ್ಲಿನಲ್ಲಿರುವುದೆಲ್ಲ ಕಾಗದಕ್ಕೆ ಬರುತ್ತದೆ, ಆದರೂ ಅದು ಇನ್ನೂ ಚಿತ್ರವೇ. ಯಾರಾದರೂ ಅಕ್ಷರ ಅಕ್ಷರ ಬಿಡಿಸಿ ಓದಿ ಬರೆದಾಗಲಷ್ಟೇ ಅದಕ್ಕೆ ಪದಸೂಚಿ ಮಾಡಲು, ಇನ್ನೊಂದು ಶಾಸನದ ಜೊತೆ ಹೋಲಿಸಲು, ತಪ್ಪು ಓದಿದ್ದರೆ ತಿದ್ದಲು ಸಾಧ್ಯವಾಗುತ್ತದೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ತಂದಾಗ ನಡೆದ ಕೆಲಸಕ್ಕೂ ಆಧಾರ ಈ ಓದಿದ ಪಾಠವೇ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಹದಿನಾರು ಸಾಲುಗಳನ್ನೇ ನೋಡಿ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಆ ಮೂಲ ಕಲ್ಲು ಇರುವುದು ಒಂದೇ ಕಡೆ. ಅದರ ಪಾಠ ಮಾತ್ರ ಕನ್ನಡ ಓದುವ ಹುಡುಗರಿರುವ ಕಡೆಗೆಲ್ಲ ಹೋಗಿದೆ.

ರೈಸ್ ಅವರ ಸಂಪುಟದಲ್ಲಿ ನಮಗೆ ಬೇಕಾದ ಇನ್ನೊಂದು ಸಂಗತಿಯಿದೆ. ಒಂದೇ ಶಾಸನವನ್ನು ಅವರು ಮೂರು ಸಲ ಕೊಟ್ಟರು: ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ ಅದೇ ಕನ್ನಡ, ಮತ್ತು ಇಂಗ್ಲಿಷ್ ಅನುವಾದ. ಓದುವವನಿಗೆ ಯಾವುದು ಒದಗುವುದೋ ಅದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ. ಇವತ್ತಿನ ಮನೆಗೆ ಬೇಕಾಗಿರುವುದೂ ಈ ಮೂರೇ ಟ್ರ್ಯಾಕ್. ಅಜ್ಜಿಗೂ ಮಗುವಿಗೂ ಕನ್ನಡದ್ದು, ಕಿವಿಗೆ ಕನ್ನಡ ಬಂದು ಕಣ್ಣಿಗೆ ಬಾರದ ಮೊಮ್ಮಗಳಿಗೆ ರೋಮನ್ ಲಿಪಿಯದ್ದು, ಹೊಸಬರಿಗೆ ಇಂಗ್ಲಿಷಿನದ್ದು. ನಡುವಿನ ಟ್ರ್ಯಾಕನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ, ನನ್ನ ಎಣಿಕೆಯಲ್ಲಿ ಪರದೇಶದ ಕನ್ನಡ ಮಕ್ಕಳಿಗೆ ಅತಿ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಇಂಗ್ಲಿಷ್ ಅನುವಾದ ಓದುವ ಮಗು ಇಂಗ್ಲಿಷಿನಲ್ಲೇ ಸಿನಿಮಾ ನೋಡಿ ಮುಗಿಸುತ್ತದೆ. ರೋಮನ್ ಸಾಲು ಓದುವ ಮಗು ಕಿವಿಗೆ ಬಿದ್ದ ಕನ್ನಡದ ಮಾತನ್ನು ಬಿಡಿಸಿ ಹಿಡಿಯುತ್ತದೆ. ಕನ್ನಡದ ಪಠ್ಯ ಒಂದಿದ್ದರೆ ಲಿಪಿ ಬದಲಿಸುವ ಕೆಲಸವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡಿಕೊಡುತ್ತದೆ. ಚಿತ್ರದಲ್ಲಿ ಬೆರೆತ ಸಬ್‌ಟೈಟಲಿನಿಂದ ಇದಾವುದೂ ಆಗದು, ಒಂದರ ಮೇಲೊಂದು ಮೂರು ಸಾಲು ಬೆರೆಸಲೂ ಆಗದು.

ಆದರೆ ಕನ್ನಡದ ಪಠ್ಯಕ್ಕೆ ತನ್ನದೇ ಆದ ತೊಡಕುಗಳಿವೆ, ಇಂಗ್ಲಿಷಿನವರಿಗಾಗಿ ಬರೆದ ಕೈಪಿಡಿಗಳಲ್ಲಿ ಇವು ಸಿಗುವುದಿಲ್ಲ. ಹೊಯ್ಸಳ ದೊರೆಯದೂ ‘ನಾಗರಹಾವು’ ಚಿತ್ರದ ನಾಯಕನಟನದೂ ಆದ ವಿಷ್ಣುವರ್ಧನ ಎಂಬ ಹೆಸರನ್ನೇ ಪರೀಕ್ಷೆಗೆ ಇಟ್ಟುಕೊಳ್ಳಬಹುದು, ಯಾಕೆಂದರೆ ಅದರಲ್ಲಿ ಣಕಾರದ ಒತ್ತೂ ಇದೆ, ಅರ್ಕಾವೊತ್ತೂ ಇದೆ. ನಮ್ಮ ಕಣ್ಣಿಗೆ ಐದು ಅಕ್ಷರ. ಯೂನಿಕೋಡಿನಲ್ಲಿ ಅದು ವ, ಗುಡಿಸು, ಷ, ವಿರಾಮ, ಣ, ಕೊಂಬು, ವ, ರ, ವಿರಾಮ, ಧ, ನ ಎಂಬ 11 ಸಂಕೇತಗಳ ಸಾಲು. ಇವನ್ನು ಕೂಡಿಸಿ ಸರಿಯಾದ ರೂಪ ಕೊಡುವುದು ಪ್ಲೇಯರಿನ ಕೆಲಸ. ಆ ಶಕ್ತಿಯಿಲ್ಲದ ಹಳೆಯ ಟಿ.ವಿ.ಯಲ್ಲಿ ‘ವಿಷ್‌ಣುವರ್‌ಧನ’ ಎಂದು ಒಡೆದು ಕಾಣುತ್ತದೆ, ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳು. ಎರಡನೆಯ ತೊಡಕು ಫೈಲನ್ನು ಉಳಿಸುವ ರೀತಿಯದ್ದು. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಆ ಹೆಸರಿಗೆ ಒಟ್ಟು 33. ಪ್ಲೇಯರ್ ಇದನ್ನು ಹಳೆಯ ಇಂಗ್ಲಿಷ್ ಕ್ರಮವೆಂದು ತಪ್ಪಾಗಿ ತಿಳಿದರೆ, ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷಿನ ಸಣ್ಣ ‘ಎ’ ಅಕ್ಷರ ಮತ್ತೆ ಮತ್ತೆ ಬರುವ ಗೋಜಲು ಪರದೆಯ ತುಂಬ ಬೀಳುತ್ತದೆ. ಹಾಗೆ ಕಂಡರೆ ಗಾಬರಿ ಬೇಡ. ಫೈಲು ಸರಿಯಾಗಿಯೇ ಇದೆ, ಪ್ಲೇಯರಿನ ಸೆಟಿಂಗ್ಸ್‌ನಲ್ಲಿ ಯುಟಿಎಫ್-8 ಆರಿಸಿದರೆ ಕನ್ನಡ ಕಾಣಿಸಿಕೊಳ್ಳುತ್ತದೆ. ಅದರ ಬದಲು ಮಾಮೂಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಅರ್ಥವಿಲ್ಲದೆ ಕಲಸಿ ಬಂದರೆ, ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಎಂದು ತಿಳಿಯಬಹುದು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡವೇ ಇರುವುದಿಲ್ಲ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ, ಹಳೆಯದನ್ನು ಬದಿಗಿಡಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೂ ಸ್ಥಾನವಿದೆ, ಇವತ್ತು ಹಳೆಯ ಫಾಂಟಿನಲ್ಲಿ ಸಬ್‌ಟೈಟಲ್ ಬರೆಯಲು ಯಾವ ಕಾರಣವೂ ಉಳಿದಿಲ್ಲ.

ಇನ್ನು ಚಿತ್ರದ ಫೈಲಿನ ವಿಚಾರ. ಎಂಪಿ4, ಎಂಕೆವಿ ಎಂಬವು ಚಿತ್ರದ ಗುಣಮಟ್ಟದ ಹೆಸರುಗಳೆಂದು ಹಲವರು ತಿಳಿದಿದ್ದಾರೆ. ಚಿತ್ರ, ಧ್ವನಿ, ಸಬ್‌ಟೈಟಲ್‌ಗಳನ್ನು ಒಟ್ಟಿಗೆ ಕಟ್ಟಿಡುವ ಹೊರಕಟ್ಟುಗಳು ಅವು. ಎಂಪಿ4 ಹೆಚ್ಚು ಕಡೆ ಓಡುತ್ತದೆ, ಆದರೆ ಸಬ್‌ಟೈಟಲ್ ವಿಷಯದಲ್ಲಿ ಬಿಗಿ. 2002ರಲ್ಲಿ ಹುಟ್ಟಿದ ಮಟ್ರೋಸ್ಕಾ ಯೋಜನೆಯ ಎಂಕೆವಿ ಉದಾರಿ: ಪಠ್ಯದ ಟ್ರ್ಯಾಕ್, ಡಿವಿಡಿಯ ಚಿತ್ರದ ಟ್ರ್ಯಾಕ್, ಎರಡು ಮೂರು ಧ್ವನಿ, ಜೊತೆಗೆ ಒಂದು ಕನ್ನಡ ಫಾಂಟನ್ನೂ ತನ್ನೊಳಗೆ ಇಟ್ಟುಕೊಳ್ಳುತ್ತದೆ. 2024ರಲ್ಲಿ ಅದು ಇಂಟರ್‌ನೆಟ್ ಮಾನಕಗಳ ಪಟ್ಟಿಗೂ ಸೇರಿತು, ಆದ್ದರಿಂದ ಬಹುಕಾಲ ತೆರೆಯಲು ಸಿಗುತ್ತದೆಂದು ನಂಬಬಹುದು. ಎಂಕೆವಿ-ಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರವನ್ನೂ ಎಸ್‌ಆರ್‌ಟಿಯನ್ನೂ ಸೇರಿಸಿ ಕಟ್ಟಿದರೆ ಚಿತ್ರದ ಒಂದು ಚುಕ್ಕಿಯೂ ಬದಲಾಗುವುದಿಲ್ಲ, ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಸಬ್‌ಟೈಟಲ್ ಬೆರೆಸಬೇಕೆಂದರೆ ಇಡೀ ಚಿತ್ರವನ್ನು ಮತ್ತೆ ಒತ್ತಿ ಬರೆಯಬೇಕು, ಪ್ರತಿ ಸಲವೂ ಗುಣಮಟ್ಟ ಒಂದಿಷ್ಟು ಇಳಿಯುತ್ತದೆ. ಒಳಗೆ ಕಟ್ಟಿದರೂ ಎಸ್‌ಆರ್‌ಟಿ ಫೈಲನ್ನು ಅದೇ ಫೋಲ್ಡರಿನಲ್ಲಿ ಹೊರಗೂ ಇಡುವುದು ಜಾಣತನ. ಚಿತ್ರದ ಹೆಸರು ಹೇಗಿದೆಯೋ ಅದನ್ನೇ ಇಟ್ಟು, ಚುಕ್ಕಿಯ ನಂತರ ಭಾಷೆಯ ಗುರುತಾದ ‘ಕೆಎನ್’ ಎಂಬ ಎರಡು ಇಂಗ್ಲಿಷ್ ಅಕ್ಷರ, ಮತ್ತೊಂದು ಚುಕ್ಕಿ, ಎಸ್‌ಆರ್‌ಟಿ. ಇಷ್ಟಿದ್ದರೆ ಕೋಡಿ, ಜೆಲ್ಲಿಫಿನ್, ವಿಎಲ್‌ಸಿ ಮುಂತಾದ ಪ್ಲೇಯರುಗಳು ತಾವಾಗಿಯೇ ಅದನ್ನು ಹುಡುಕಿ ತೋರಿಸುತ್ತವೆ. ಗುರುತಿಲ್ಲದಿದ್ದರೆ ಪಟ್ಟಿಯಲ್ಲಿ ‘ಗೊತ್ತಿಲ್ಲದ ಭಾಷೆ’ ಎಂದು ಬರುತ್ತದೆ. ಕನ್ನಡ ಗೊತ್ತಿಲ್ಲದ ಭಾಷೆಯಾಗುವುದು ನಮ್ಮ ಮನೆಯಲ್ಲೇ ಆಗಬಾರದು.

ಬೇರೆಯಾಗಿರುವ ಸಬ್‌ಟೈಟಲಿನ ಮೇಲೆ ಒಂದು ನ್ಯಾಯವಾದ ದೂರಿದೆ: ಮಾತೊಂದು ಕಡೆ, ಸಾಲೊಂದು ಕಡೆ ಆಗುತ್ತದೆ. ಬೆರೆಸಿದ್ದು ಎಂದೂ ಹಾಗೆ ಜಾರುವುದಿಲ್ಲ, ಒಪ್ಪಬೇಕು. ಆದರೆ ಈ ಜಾರುವಿಕೆಗೆ ಲೆಕ್ಕವಿದೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರಿತವಾಗಿರುತ್ತದೆ, ಭಾರತದ ಟಿ.ವಿ. ಮತ್ತು ಡಿವಿಡಿ ಪದ್ಧತಿಯಲ್ಲಿ ಅದು 25. ಹಾಗಾಗಿ 150 ನಿಮಿಷದ ಚಿತ್ರ ಡಿವಿಡಿಗೆ ಬರುವಾಗ 144 ನಿಮಿಷದಲ್ಲಿ ಮುಗಿದುಬಿಡಬಹುದು. ಒಂದಕ್ಕೆ ಬರೆದ ಸಬ್‌ಟೈಟಲನ್ನು ಇನ್ನೊಂದಕ್ಕೆ ಹಾಕಿದರೆ ಮೊದಲ ದೃಶ್ಯದಲ್ಲಿ ಎಲ್ಲ ಸರಿ, ಮಧ್ಯಂತರದ ಹೊತ್ತಿಗೆ ಮೂರು ನಿಮಿಷ, ಕೊನೆಗೆ ಆರು ನಿಮಿಷದ ಅಂತರ. ಅಂತರ ಹೀಗೆ ಬೆಳೆಯುತ್ತ ಹೋದರೆ ವೇಗದ ವ್ಯತ್ಯಾಸ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇದ್ದರೆ ಆರಂಭದಲ್ಲಿ ಯಾವುದೋ ಜಾಹೀರಾತು ಸೇರಿದೆ ಅಥವಾ ಬಿಟ್ಟಿದೆ. ವಿಸಿಡಿಯಲ್ಲಿ ಮೂರನೆಯ ಬಗೆಯೂ ಉಂಟು. ಒಂದು ವಿಸಿಡಿಯಲ್ಲಿ ಸುಮಾರು 74 ನಿಮಿಷವಷ್ಟೇ ಹಿಡಿಯುತ್ತಿದ್ದರಿಂದ ಕನ್ನಡ ಸಿನಿಮಾಗಳು ಎರಡು, ಮೂರು ಡಿಸ್ಕುಗಳಲ್ಲಿ ಬರುತ್ತಿದ್ದವು. ಅವನ್ನು ಒಂದು ಮಾಡಿದಾಗ ಎರಡನೆಯ ಡಿಸ್ಕಿನ ಸಾಲುಗಳಿಗೆಲ್ಲ ಮೊದಲ ಡಿಸ್ಕಿನ ಕಾಲವನ್ನು ಕೂಡಿಸಬೇಕು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಆರಂಭದ ಒಂದು ಮಾತು, ಕೊನೆಯ ಒಂದು ಮಾತು ಸರಿಹೊಂದಿಸಿದರೆ ನಡುವಿನದೆಲ್ಲ ತಾನೇ ಕೂರುತ್ತದೆ. ವಿಎಲ್‌ಸಿಯಲ್ಲಿ ಜಿ, ಎಚ್ ಕೀಲಿ ಒತ್ತಿ ಹಿಂದೆ ಮುಂದೆ ಸರಿಸಬಹುದು, ಆದರೆ ಅದು ಆ ಹೊತ್ತಿನ ಮಟ್ಟಿಗೆ. ಫೈಲನ್ನು ತಿದ್ದಿ ಉಳಿಸಿದರೆ ಮಾತ್ರ ನಾಳೆಗೂ ಸರಿಯಿರುತ್ತದೆ. ಬೆರೆಸಿದ ಸಬ್‌ಟೈಟಲಿನಲ್ಲಿ ಕಾಲ ಜಾರದು ನಿಜ, ಅದರಲ್ಲಿ ಒಂದು ಕಾಗುಣಿತದ ತಪ್ಪನ್ನೂ ತಿದ್ದಲಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಳೆಯ ಟಿ.ವಿ.ಯದ್ದು. ಪೆನ್‌ಡ್ರೈವ್ ಚುಚ್ಚಿ ನೋಡುವ ಮನೆಯಲ್ಲಿ ಕನ್ನಡ ಚೌಕವಾಗಿ ಕಂಡರೆ, ಸ್ವತಂತ್ರ ಪಠ್ಯದ ಹಿರಿಮೆಯನ್ನು ಕಟ್ಟಿಕೊಂಡು ಅಜ್ಜಿ ಏನು ಮಾಡಬೇಕು? ಆ ಟಿ.ವಿ.ಗೆಂದು ಬೆರೆಸಿದ ಪ್ರತಿಯೊಂದನ್ನು ಖಂಡಿತ ಮಾಡಿಕೊಡಬೇಕು. ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶ ಆ ಕೆಲಸ ಮಾಡುತ್ತದೆ. ನೋಡಿದ ಮೇಲೆ ಆ ಪ್ರತಿಯನ್ನು ಅಳಿಸಿದರೂ ನಷ್ಟವಿಲ್ಲ, ಮೂಲ ಚಿತ್ರವೂ ಮೂಲ ಪಠ್ಯವೂ ಹಾರ್ಡ್ ಡಿಸ್ಕಿನಲ್ಲಿ ಇರುತ್ತವೆ. ಕೆಡುಕಾಗುವುದು ಬೆರೆಸಿದ್ದೊಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಅಳಿಸಿದಾಗ. ಹಾರ್ಡ್ ಡಿಸ್ಕ್ ತುಂಬಿತೆಂದು ಹೀಗೆ ಮಾಡುವವರಿದ್ದಾರೆ, ಮತ್ತು ಆ ನಷ್ಟ ಅವತ್ತು ಗೊತ್ತಾಗುವುದಿಲ್ಲ.

ಕನ್ನಡ ಸಿನಿಮಾಕ್ಕೆ ಕನ್ನಡದ್ದೇ ಸಬ್‌ಟೈಟಲ್ ಯಾಕೆ, ಇಂಗ್ಲಿಷಿನದ್ದು ಸಾಲದೇ ಎಂದು ಕೇಳುವವರು ಬಹಳ. ಕಿವಿ ಕೇಳದವರ ಹಕ್ಕು ಮೊದಲ ಉತ್ತರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೃಶ್ಯಮಾಧ್ಯಮಗಳಲ್ಲಿ ಸಬ್‌ಟೈಟಲ್ ವ್ಯವಸ್ಥೆ ಇರಬೇಕೆನ್ನುತ್ತದೆ, ಚಿತ್ರಮಂದಿರಗಳಿಗೆಂದು ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು. ಮುಪ್ಪಿನಲ್ಲಿ ಕಿವಿ ಮಂದವಾದ, ಕನ್ನಡ ಮಾತ್ರ ಬಲ್ಲ ಹಿರಿಯರಿಗೆ ಇಂಗ್ಲಿಷ್ ಸಾಲಿನಿಂದ ಏನೂ ಆಗದು. ಎರಡನೆಯ ಉತ್ತರ ಕನ್ನಡದೊಳಗಿನ ಕನ್ನಡಗಳದ್ದು. ಮಂಡ್ಯದ ಹಳ್ಳಿಯ ಆಡುಮಾತಿನಲ್ಲೇ ನಡೆಯುವ ‘ತಿಥಿ’ ಸಿನಿಮಾ ಅರಸೀಕೆರೆಯವರಿಗೆ ಸಲೀಸು, ಬೀದರಿನವರಿಗೆ ಅಷ್ಟು ಸಲೀಸಲ್ಲ. ಅವರ ಮಾತು ಇವರಿಗೂ ಹಾಗೆಯೇ. ಮೂರನೆಯದು ಓದು ಕಲಿಯುವವರದ್ದು. ಕೇಳುವ ಭಾಷೆಯಲ್ಲೇ ಸಬ್‌ಟೈಟಲ್ ಕೊಟ್ಟರೆ ಜನ ತಮಗರಿವಿಲ್ಲದೆ ಓದುತ್ತಾರೆ ಎಂಬ ವಿಚಾರವನ್ನು ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ 1996ರಲ್ಲಿ ಕೈಗೆತ್ತಿಕೊಂಡರು. 1999ರಲ್ಲಿ ಗುಜರಾತಿನ ದೂರದರ್ಶನದ ‘ಚಿತ್ರಗೀತ್’ನಲ್ಲಿ, ಮುಂದೆ ಹಿಂದಿಯ ‘ಚಿತ್ರಹಾರ್’ನಲ್ಲಿ ಹಾಡಿನ ಸಾಲುಗಳು ಪರದೆಯ ಮೇಲೆ ಬಂದವು. ಹಾಡನ್ನೇ ಆರಿಸಿದ್ದರ ಹಿಂದೆ ತಿಳಿವಳಿಕೆಯಿತ್ತು: ಮುಂದಿನ ಸಾಲು ಯಾವುದೆಂದು ಕೇಳುವವನಿಗೆ ಮೊದಲೇ ಗೊತ್ತಿರುತ್ತದೆ, ಕಣ್ಣು ಅದನ್ನು ಖಾತ್ರಿ ಮಾಡಿಕೊಳ್ಳುತ್ತ ಓದುತ್ತದೆ. ಕನ್ನಡದ ಮನೆಯಲ್ಲಿ ಮಗುವಿಗೆ ಇದನ್ನು ಮಾಡಿಕೊಡಲು ಯಾವ ವಾಹಿನಿಯ ಅಪ್ಪಣೆಗೂ ಕಾಯಬೇಕಿಲ್ಲ.

ಒಟಿಟಿಯಲ್ಲಿ ಎಲ್ಲ ಸಿಗುವಾಗ ಈ ಪಾಡೇಕೆ ಎಂಬ ಮಾತಿಗೂ ಉತ್ತರ ಕೊಡಬೇಕು. ಒಟಿಟಿಯ ಚಿತ್ರ ಬಾಡಿಗೆಯದು, ಒಪ್ಪಂದ ಮುಗಿದ ದಿನ ಅದು ಪಟ್ಟಿಯಿಂದ ಹೋಗುತ್ತದೆ. ಇರುವ ಕನ್ನಡ ಚಿತ್ರಗಳಿಗೂ ಬಹುಪಾಲು ಇಂಗ್ಲಿಷ್ ಸಬ್‌ಟೈಟಲೇ. ಬೇಲೂರಿನ ಐತಿಹ್ಯವನ್ನೇ ಕಥೆ ಮಾಡಿಕೊಂಡ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ 1964ರ ‘ಅಮರಶಿಲ್ಪಿ ಜಕಣಾಚಾರಿ’ಯಂಥ ಹಳೆಯ ಚಿತ್ರಗಳ ಕನ್ನಡ ಸಂಭಾಷಣೆಯನ್ನು ಸಾಲು ಸಾಲಾಗಿ ಬರೆದಿಡುವವರು ಅಭಿಮಾನಿಗಳೇ ಆಗಬೇಕು. ಇಲ್ಲಿ ಕಾನೂನಿನ ಎಚ್ಚರವೂ ಬೇಕು. ಕದ್ದ ಪ್ರತಿಗಳನ್ನು ಇಳಿಸಿಕೊಂಡು ಭಂಡಾರ ಬೆಳೆಸುವುದು ಸಲ್ಲದು. ಸಂಭಾಷಣೆ ಬರೆದವರ ಹಕ್ಕು ಸಬ್‌ಟೈಟಲಿಗೂ ಅಂಟಿಕೊಂಡಿರುತ್ತದೆ, ಆದ್ದರಿಂದ ಅದನ್ನು ಎಲ್ಲರಿಗೂ ಹಂಚುವ ಮೊದಲು ಯೋಚಿಸಬೇಕು. ಖಾಸಗಿ ಬಳಕೆಗೆ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಜಾಗ ಬಿಟ್ಟಿದೆ. ಅಂಗವಿಕಲರಿಗೆ ಒದಗುವ ರೂಪದಲ್ಲಿ ಕೃತಿಯನ್ನು ಸಿದ್ಧಪಡಿಸಿ ಅವರಿಗೆ ಕೊಡಲು 2012ರ ತಿದ್ದುಪಡಿ ಬಿಡಿಯಾಗಿ ಅವಕಾಶ ಕೊಟ್ಟಿದೆ. ಕಿವಿ ಕೇಳದ ಹಿರಿಯರಿಗೆಂದು ಕನ್ನಡ ಸಾಲು ಬರೆಯುವವರು ಅಂಜಬೇಕಾಗಿಲ್ಲ.

ಯಾರ ಅಪ್ಪಣೆಯೂ ಬೇಡದ, ಮತ್ತು ಎಲ್ಲಕ್ಕಿಂತ ತುರ್ತಾದ ಕೆಲಸ ಮನೆಯ ವಿಡಿಯೊಗಳದ್ದು. ಮದುವೆಯ ಡಿವಿಡಿಗಳಲ್ಲಿ ಸ್ಟುಡಿಯೊದವರು ವಧೂವರರ ಹೆಸರನ್ನು ಹೂವಿನ ಚೌಕಟ್ಟಿನಲ್ಲಿ ಚಿತ್ರಕ್ಕೇ ಬೆರೆಸಿರುತ್ತಾರೆ. ಹಸೆಗೆ ಕರೆಯುವಾಗ, ಧಾರೆಯ ಹೊತ್ತಿನಲ್ಲಿ ಹೆಂಗಸರು ಹೇಳಿದ ಸೋಬಾನೆ ಪದದ ಧ್ವನಿಯನ್ನೇ ತೆಗೆದು ಅದರ ಮೇಲೆ ಸಿನಿಮಾ ಹಾಡು ಹಾಕಿರುತ್ತಾರೆ. ಹಾಗಾಗಿ ಮುಂದೆ ಮದುವೆ ಮಾಡುವವರು ಎಡಿಟ್ ಮಾಡಿದ ವಿಡಿಯೊ ಜೊತೆಗೆ ಎಡಿಟ್ ಆಗದ ಮೂಲ ಫೈಲುಗಳನ್ನೂ ಕೇಳಿ ಪಡೆಯಬೇಕು, ಇದನ್ನು ಮುಂಗಡ ಕೊಡುವಾಗಲೇ ಹೇಳಿಬಿಡುವುದು ವಾಸಿ. ಈಗಾಗಲೇ ಇರುವ ಡಿವಿಡಿಗಳನ್ನು ಮೊದಲು ಹಾರ್ಡ್ ಡಿಸ್ಕಿಗೆ, ಇನ್ನೊಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಗೆ ಮುಟ್ಟಿಸಬೇಕು. ಡಿಸ್ಕ್ ಕೆಟ್ಟರೆ ಸಬ್‌ಟೈಟಲ್ ಬರೆಯಲು ಚಿತ್ರವೇ ಇರುವುದಿಲ್ಲ. ಆಮೇಲೆ ಎಸ್‌ಆರ್‌ಟಿಯಲ್ಲಿ ಯಾರು ಯಾರೆಂದು ಬರೆಯಬಹುದು: ಬಾಣಾವರದ ಸೋದರತ್ತೆ, ಜಾವಗಲ್ಲಿನ ಬೀಗರು, ಪೀಠ ಹಿಡಿದು ನಿಂತ ಹುಡುಗ ಯಾರ ಮಗ. ಮದುವೆಯ ವಿಡಿಯೊದಲ್ಲಿ ಮೂವತ್ತು ವರ್ಷದ ನಂತರ ಮುಖಗಳು ಉಳಿದಿರುತ್ತವೆ, ಹೆಸರು ಹೇಳುವವರು ಉಳಿದಿರುವುದಿಲ್ಲ.

ಈ ಕೆಲಸವನ್ನು ಇನ್ನು ಕೆಲವು ವರ್ಷಗಳಲ್ಲಿ ಯಂತ್ರವೇ ಮಾಡುತ್ತದೆ, ಕೈಯಲ್ಲಿ ಯಾಕೆ ಬರೆಯಬೇಕು ಎಂದು ಕೇಳಬಹುದು. ಮಾತನ್ನು ಬರಹಕ್ಕಿಳಿಸುವ ತಂತ್ರಾಂಶಗಳು ಕನ್ನಡಕ್ಕೂ ಬಂದಿವೆ, 2022ರಲ್ಲಿ ಬಿಡುಗಡೆಯಾದ ವಿಸ್ಪರ್ ಅವುಗಳಲ್ಲೊಂದು. ಚೆನ್ನೈನ ಐಐಟಿಯ ಎಐ4ಭಾರತ್ ತಂಡವೂ ಭಾರತೀಯ ಭಾಷೆಗಳಿಗಾಗಿ ಇಂಥವನ್ನು ರೂಪಿಸಿದೆ. ಮೊದಲ ಕರಡಿಗೆ ಅವನ್ನು ಧಾರಾಳವಾಗಿ ಬಳಸಿಕೊಳ್ಳಬೇಕು. ಸ್ಪಷ್ಟವಾದ ಗ್ರಾಂಥಿಕ ಮಾತಿನಲ್ಲಿ ಅವು ಎಷ್ಟು ಸಮರ್ಥವೋ, ವಾಲಗದ ಸದ್ದಿನ ನಡುವೆ ನಾಲ್ವರು ಒಟ್ಟಿಗೆ ಆಡುವ ಹಾಸನದ ಆಡುಮಾತಿನಲ್ಲಿ ಅಷ್ಟೇ ಎಡವುತ್ತವೆ. ಸೋಬಾನೆಯ ಒಂದು ಪದ ಯಂತ್ರಕ್ಕೆ ತಿಳಿಯದಿದ್ದಾಗ ಅದು ತನಗೆ ತಿಳಿದ ಇನ್ನೊಂದು ಪದವನ್ನು ಅಲ್ಲಿ ಕೂರಿಸುತ್ತದೆ, ತಿಳಿಯಲಿಲ್ಲ ಎಂದು ಹೇಳುವುದಿಲ್ಲ. ಶಾಸನ ಓದುವವರು ಸವೆದ ಅಕ್ಷರದ ಜಾಗದಲ್ಲಿ ಊಹೆ ತುಂಬದೆ ಚುಕ್ಕಿಗಳನ್ನು ಹಾಕಿ ಬಿಡುತ್ತಾರೆ. ಹಾಡಿದ ಅಜ್ಜಿಯನ್ನೋ ಅವರ ಓರಗೆಯವರನ್ನೋ ಕೂರಿಸಿಕೊಂಡು ಸಾಲು ಬರೆಯುವಾಗ ಅದೇ ರೂಢಿಯನ್ನು ಇಟ್ಟುಕೊಳ್ಳಬಹುದು. ಗೊತ್ತಾಗದ ಕಡೆ ಚುಕ್ಕಿ, ಮೇಲೆ ಹೇಗೂ ಗಂಟೆ, ನಿಮಿಷ, ಸೆಕೆಂಡು ಇರುತ್ತದೆ. ಫೈಲು ಪಠ್ಯವಾಗಿಯೇ ಇದ್ದರೆ ಆ ಪದ ಬಲ್ಲ ಇನ್ನೊಬ್ಬರು, ಇನ್ನೊಂದು ಊರಿನಲ್ಲಿ, ಆ ಸೆಕೆಂಡಿಗೆ ನೇರ ಹೋಗಿ ಕೇಳಿ, ಚುಕ್ಕಿಯಿದ್ದಲ್ಲಿ ಅದನ್ನು ಬರೆದು ಕಳಿಸಬಹುದು.